ಮೆಂತ್ಯದ ಕಾಳಿನ ಚರಿತ್ರೆ: ಒಗ್ಗರಣೆ ಡಬ್ಬಿಯಿಂದ ಪ್ರಯೋಗಶಾಲೆಗೆ

ನಮ್ಮ ಶಿವಗಂಗೆಯ ಬೆಟ್ಟಕ್ಕೆ ನಾಲ್ಕು ದಿಕ್ಕಿನಿಂದ ನಾಲ್ಕು ರೂಪವೆಂಬುದು ಹಿರಿಯರಿಂದ ಕೇಳಿಬಂದ ಮಾತು. ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಸರ್ಪ. ಬೆಟ್ಟ ಒಂದೇ, ನೋಡುವವನು ನಿಂತ ನೆಲೆ ಬೇರೆ. ಅಡುಗೆಮನೆಯ ಮೆಂತ್ಯದ ಕಾಳಿನ ವಿಚಾರವೂ ಹೆಚ್ಚುಕಡಿಮೆ ಹೀಗೆಯೇ. ಅಡುಗೆ ಮಾಡುವವರಿಗೆ ಅದು ಹುಳಿಪುಡಿಯ ಜೀವಾಳ, ಬಾಣಂತಿಯ ಆರೈಕೆ ಮಾಡುವವರಿಗೆ ಸೊಂಟ ಗಟ್ಟಿಯಾಗಿಸುವ ಪದಾರ್ಥ, ವಿಜ್ಞಾನಿಗೆ ನಾರು ಮತ್ತು ಸಪೋನಿನ್‌ಗಳ ಕಣಜ, ಈಗ ಬೆಳಗಿನ ನಡಿಗೆಗೆ ಹೊರಡುವ ನನ್ನ ವಯಸ್ಸಿನವರಿಗೆ ಕೊಲೆಸ್ಟ್ರಾಲ್ ಇಳಿಸುವ ರಾಮಬಾಣ.

ಈ ಕೊನೆಯ ರೂಪವೇ ಇತ್ತೀಚೆಗೆ ಹೆಚ್ಚು ಪ್ರಸಿದ್ಧವಾಗಿದೆ. ದಾಬಸ್‌ಪೇಟೆಯ ಬಸ್ ನಿಲ್ದಾಣದಲ್ಲಿ ಕುಳಿತರೂ ಸರಿ, ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೂ ಸರಿ, "ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕಿ, ಬೆಳಿಗ್ಗೆ ಆ ನೀರು ಕುಡಿಯಿರಿ, ಮಾತ್ರೆಯೇ ಬೇಡ" ಎಂಬ ಉಪದೇಶ ಕಿವಿಗೆ ಬೀಳದೆ ಇರದು. ಮಾತಿನ ಮೊದಲ ಭಾಗದಲ್ಲಿ ಯಾವ ಅಪಾಯವೂ ಕಾಣದು. ಕೊನೆಯ ಎರಡು ಪದಗಳು ಮಾತ್ರ ಪ್ರಾಣಕ್ಕೇ ಸಂಬಂಧಿಸಿದವು. ಆದುದರಿಂದ ಈ ಕಾಳಿನ ಚರಿತ್ರೆಯನ್ನು ಬುಡದಿಂದ ಒಮ್ಮೆ ನೋಡುವುದು ಒಳಿತೆಂದು ತೋರಿ ಈ ಲೇಖನ ಬರೆಯುತ್ತಿದ್ದೇನೆ. ಓದುಗ ಮಿತ್ರರು ತಾಳ್ಮೆಯಿಂದ ಓದಬೇಕು.

ಮೆಂತ್ಯ ಬಹಳ ಹಳೆಯ ಬೆಳೆ. ಇಂದಿನ ಇರಾಕಿನ ತೆಲ್ ಹಲಾಲ್ ಎಂಬ ನೆಲೆಯಲ್ಲಿ ದೊರೆತ ಸುಟ್ಟ ಮೆಂತ್ಯದ ಕಾಳುಗಳು ಕ್ರಿಸ್ತಪೂರ್ವ 4000ದ ಸುಮಾರಿನವೆಂದು ಗುರುತಿಸಲಾಗಿದೆ. ಈಜಿಪ್ಟಿನ ಅರಸ ತುತನ್‌ಖಾಮನ್ನನ ಗೋರಿಯಲ್ಲಿಯೂ ಈ ಕಾಳು ಸಿಕ್ಕಿತು. ರೋಮಿನ ಹಿರಿಯ ಕೇಟೋ ತನ್ನ ಕೃಷಿ ಗ್ರಂಥದಲ್ಲಿ ಇದನ್ನು ದನಗಳ ಮೇವಿನ ಬೆಳೆಗಳ ಸಾಲಿನಲ್ಲಿ ಹೇಳಿದ್ದಾನೆ. ಇದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿರುವ 'ಫೀನಮ್ ಗ್ರೀಕಮ್' ಎಂಬ ಮಾತಿಗೆ 'ಗ್ರೀಕರ ಒಣಹುಲ್ಲು' ಎಂದೇ ಅರ್ಥ. ಒಂದು ದೇಶದಲ್ಲಿ ಎತ್ತಿನ ಮೇವಾಗಿದ್ದುದು ಇನ್ನೊಂದು ದೇಶದಲ್ಲಿ ಮನುಷ್ಯನ ಮದ್ದಾಯಿತು. ಸಂಸ್ಕೃತದಲ್ಲಿ ಅದು ಮೇಥಿಕಾ. ತೆಲುಗಿನಲ್ಲಿ ಮೆಂತುಲು, ತಮಿಳಿನಲ್ಲಿ ವೆಂದಯಂ, ನಮ್ಮಲ್ಲಿ ಮೆಂತ್ಯ ಅಥವಾ ಮೆಂತೆ. ಹದಿನಾರನೆಯ ಶತಮಾನದ ಭಾವಮಿಶ್ರನ 'ಭಾವಪ್ರಕಾಶ'ದಲ್ಲಿ ಮೇಥಿಕೆಯನ್ನು ವಾತ ಶಮನಕಾರಿಯೆಂದೂ ಕಫಹರವೆಂದೂ ವರ್ಣಿಸಲಾಗಿದೆ.

ಕನ್ನಡ ನಾಡಿನಲ್ಲಿ ಅಡುಗೆಯನ್ನೂ ವೈದ್ಯವನ್ನೂ ಒಟ್ಟೊಟ್ಟಿಗೆ ಕಾಣುವ ಪರಂಪರೆ ಇಂದು ನಿನ್ನೆಯದಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಮಳೆ, ಬಾವಿ, ಗಿಡಮರ, ಸುಗಂಧ, ವಿಷವೈದ್ಯ ಇವುಗಳ ಜೊತೆಯಲ್ಲಿ ಪಾಕಶಾಸ್ತ್ರಕ್ಕೂ ಒಂದು ಸ್ಥಾನವುಂಟು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ', ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಬಂದವು. ಆ ಕಾಲದ ಅಡುಗೆಗೆ ಖಾರ ಕೊಡುತ್ತಿದ್ದುದು ಮೆಣಸು. ಇಂದು ನಮ್ಮ ಸಾರಿನ ಬಣ್ಣವನ್ನೇ ನಿರ್ಧರಿಸುವ ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲಷ್ಟೇ ನಮ್ಮ ದೇಶವನ್ನು ಪ್ರವೇಶಿಸಿತು. ಇಂದಿನ ಒಗ್ಗರಣೆ ಡಬ್ಬಿಯ ಬಟ್ಟಲುಗಳಲ್ಲಿ ಪಕ್ಕಪಕ್ಕದಲ್ಲಿ ಕುಳಿತ ಪದಾರ್ಥಗಳೆಲ್ಲ ಒಂದೇ ಕಾಲದಲ್ಲಿ ಬಂದವಲ್ಲ ಎಂಬುದನ್ನು ಮಕ್ಕಳಿಗೆ ಹೇಳಿದಾಗ ಅವರು ಬೆರಗಾಗುತ್ತಿದ್ದರು.

ನಮ್ಮ ಸೀಮೆ ರಾಗಿ, ಅವರೆ, ತೊಗರಿಗಳ ಸೀಮೆ. ಇಲ್ಲಿ ಮೆಂತ್ಯದ ಬಳಕೆ ಮೂರು ಬಗೆ. ಮೊದಲನೆಯದು ಸೊಪ್ಪು, ಬೇಳೆಯೊಡನೆ ಬೆಂದು ಮುದ್ದೆಗೆ ಜೊತೆಯಾಗುತ್ತದೆ. ಎರಡನೆಯದು ಹುರಿದ ಕಾಳು. ಹುಳಿಪುಡಿಗೆ, ಪುಳಿಯೋಗರೆಯ ಗೊಜ್ಜಿಗೆ, ಉಪ್ಪಿನಕಾಯಿಗೆ ಇದಿಲ್ಲದೆ ನಡೆಯದು. ಒಂದು ಕ್ಷಣ ಹೆಚ್ಚು ಹುರಿದರೆ ಇಡೀ ಪಾತ್ರೆ ಕಹಿಯಾಗುವುದೆಂಬ ಭಯದಿಂದ ನಮ್ಮ ತಾಯಂದಿರು ಅದನ್ನು ಕೈಬೆರಳಿನ ಲೆಕ್ಕದಲ್ಲಿಯೇ ಹಾಕುತ್ತಿದ್ದರು. ಮೂರನೆಯದು ಹಿಟ್ಟು ಮತ್ತು ನೆನೆಸಿದ ಕಾಳು. ಬೇಳೆಕಾಳುಗಳೊಡನೆ ಹುರಿದು ಬೀಸಿದ ಮೆಂತ್ಯದ ಹಿಟ್ಟು, ಅಕ್ಕಿಯೊಡನೆ ರುಬ್ಬಿದ ಮೆಂತ್ಯದ ದೋಸೆ, ಬಾಣಂತಿಗೆ ಬೆಲ್ಲ ತುಪ್ಪ ಬೆರೆಸಿ ಕಟ್ಟಿದ ಉಂಡೆ. ಮೆಂತ್ಯ ಉಂಡವರ ಬೆವರು ಮೂತ್ರಗಳಿಗೆ ಒಂದು ಬಗೆಯ ಸಿಹಿ ವಾಸನೆ ಬರುವುದು ಅನುಭವಿಗಳಿಗೆ ಗೊತ್ತಿರುವ ಸಂಗತಿ. ಆ ಕಾಳಿನಲ್ಲಿರುವ ಸೊಟೊಲಾನ್ ಎಂಬ ವಸ್ತುವೇ ಅದಕ್ಕೆ ಕಾರಣ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. "ನಮ್ಮ ಪೂರ್ವಿಕರು ಕೊಲೆಸ್ಟ್ರಾಲ್ ಇಳಿಸಲೆಂದೇ ಮೆಂತ್ಯವನ್ನು ಅಡುಗೆಯಲ್ಲಿ ಸೇರಿಸಿದರು" ಎಂದು ಹೇಳುವವರಿದ್ದಾರೆ. ಕೇಳಲು ಹಿತವಾದರೂ ಇದು ಚರಿತ್ರೆಗೆ ಒಪ್ಪುವ ಮಾತಲ್ಲ. ಕೊಲೆಸ್ಟ್ರಾಲಿಗೆ ಹೆಸರು ಬಂದುದೇ ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್, ಪಿತ್ತಕೋಶದ ಕಲ್ಲುಗಳಲ್ಲಿ ಕಂಡುಬಂದ ಮೇಣದಂತಹ ವಸ್ತುವಿಗೆ 'ಪಿತ್ತ' ಮತ್ತು 'ಗಟ್ಟಿ' ಎಂಬ ಅರ್ಥ ಕೊಡುವ ಎರಡು ಗ್ರೀಕ್ ಪದಗಳನ್ನು ಕೂಡಿಸಿ 'ಕೊಲೆಸ್ಟರಿನ್' ಎಂದು ಕರೆದನು. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್‌ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದನು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಿಂದ ಮನುಷ್ಯರಲ್ಲಿಯೂ ರಕ್ತದ ಕೊಲೆಸ್ಟ್ರಾಲಿಗೂ ಹೃದ್ರೋಗಕ್ಕೂ ಇರುವ ನಂಟು ಬಯಲಾಯಿತು. ನಮ್ಮ ಪೂರ್ವಿಕರಿಗೆ ಗೊತ್ತಿದ್ದುದು ಜೀರ್ಣ, ಅಜೀರ್ಣ, ವಾತ, ಉಷ್ಣ, ರುಚಿ. ಅವರಿಗೆ ಗೊತ್ತಿಲ್ಲದ ವಿಷಯದ ಹೊರೆಯನ್ನು ಅವರ ತಲೆಯ ಮೇಲೆ ಹೊರಿಸುವುದು ಗೌರವವೆನಿಸದು.

ಹಾಗಾದರೆ ಮಸಾಲೆ ಪದಾರ್ಥಕ್ಕೂ ಕೊಲೆಸ್ಟ್ರಾಲಿಗೂ ಸಂಬಂಧ ಕಲ್ಪಿಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಾವು ಮೈಸೂರಿಗೆ ಬಂದು ನಿಲ್ಲುತ್ತೇವೆ. ಕನ್ನಡಿಗರಾದ ನಾವು ಹೆಮ್ಮೆಪಡಬೇಕಾದ ಸಂಗತಿ ಇದು. ನಾಲ್ವಡಿ ಕೃಷ್ಣರಾಜ ಒಡೆಯರು ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ವಿಲಾಸದಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಮೈಸೂರಿಗೆ ಕರೆದೊಯ್ದಾಗಲೆಲ್ಲ ಆ ಭವ್ಯ ಕಟ್ಟಡವನ್ನು ರಸ್ತೆಯಿಂದಲೇ ತೋರಿಸಿ, "ಅರಮನೆಯೊಂದು ಪ್ರಯೋಗಶಾಲೆಯಾಯಿತು ನೋಡಿ" ಎನ್ನುತ್ತಿದ್ದೆ.

ಅಲ್ಲಿನ ಡಿ. ಸುಬ್ಬರಾವ್, ಎನ್. ಚಂದ್ರಶೇಖರ, ಎಂ. ಎನ್. ಸತ್ಯನಾರಾಯಣ, ಎಂ. ಶ್ರೀನಿವಾಸನ್ ಎಂಬ ವಿಜ್ಞಾನಿಗಳು 1970ರಲ್ಲಿ ಅಮೆರಿಕದ ಪೌಷ್ಟಿಕಾಂಶ ಪತ್ರಿಕೆಯೊಂದರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಇಲಿಗಳಿಗೆ ಕೊಲೆಸ್ಟ್ರಾಲ್ ಬೆರೆಸಿದ ಆಹಾರ ಕೊಟ್ಟು, ಕೆಲವಕ್ಕೆ ಮಾತ್ರ ಅರಿಸಿನದ ಹಳದಿ ಸತ್ವವಾದ ಕರ್ಕ್ಯುಮಿನ್ ಸೇರಿಸಿದ್ದರು. ಕರ್ಕ್ಯುಮಿನ್ ತಿಂದ ಇಲಿಗಳ ರಕ್ತದಲ್ಲಿಯೂ ಯಕೃತ್ತಿನಲ್ಲಿಯೂ ಕೊಲೆಸ್ಟ್ರಾಲ್ ಉಳಿದವುಗಳಲ್ಲಿದ್ದುದರ ಅರ್ಧಕ್ಕೆ, ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಇಂದಿನ ಪ್ರಬಲ ಮಾತ್ರೆಗಳು ಇನ್ನೂ ಹುಟ್ಟದಿದ್ದ ಕಾಲ ಅದು. ಹೀಗಾಗಿ ಅಡುಗೆಮನೆಯ ಪದಾರ್ಥವೊಂದು ದಾರಿ ತೋರಬಹುದೆಂಬ ಆಸೆ ಸಹಜವೇ ಆಗಿತ್ತು. ಮುಂದಿನ ದಶಕಗಳಲ್ಲಿ ಅದೇ ಸಂಸ್ಥೆಯಲ್ಲಿ ಕೆ. ಸಾಂಬಯ್ಯ, ಕೆ. ಶ್ರೀನಿವಾಸನ್ ಮೊದಲಾದವರು ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಮೆಂತ್ಯ ಹೀಗೆ ಒಗ್ಗರಣೆ ಡಬ್ಬಿಯ ಒಂದೊಂದು ಬಟ್ಟಲನ್ನೂ ಪರೀಕ್ಷೆಗೆ ಒಡ್ಡಿದರು.

ಈ ಕೆಲಸದಲ್ಲಿ ನನಗೆ ಬಹಳ ಮೆಚ್ಚುಗೆಯಾದುದು ಅವರ ಪ್ರಾಮಾಣಿಕತೆ. 1991ರಲ್ಲಿ ಸಾಂಬಯ್ಯ ಮತ್ತು ಶ್ರೀನಿವಾಸನ್ ಜೀರಿಗೆ, ಚಕ್ಕೆ, ಶುಂಠಿ, ಸಾಸಿವೆ, ಹುಣಸೆಹಣ್ಣು ಈ ಐದನ್ನೂ ಕೊಲೆಸ್ಟ್ರಾಲ್ ಏರಿಸಿದ ಇಲಿಗಳ ಮೇಲೆ ಪರೀಕ್ಷಿಸಿ, ಇವುಗಳಿಂದ ಕೊಲೆಸ್ಟ್ರಾಲ್ ಇಳಿಯಲಿಲ್ಲವೆಂದು ಬರೆದರು. ಫಲ ಸಿಕ್ಕದ ಪ್ರಯೋಗವನ್ನೂ ಮುಚ್ಚಿಡದೆ ಪ್ರಕಟಿಸುವುದೇ ವಿಜ್ಞಾನದ ಶೀಲ. ಆದರೆ ಜನರ ನೆನಪಿನಲ್ಲಿ ಉಳಿಯುವುದು 'ಇಳಿಯಿತು' ಎಂಬ ಸುದ್ದಿ ಮಾತ್ರ. 'ಇಳಿಯಲಿಲ್ಲ' ಎಂಬುದನ್ನು ಯಾರೂ ಮದುವೆ ಮನೆಯಲ್ಲಿ ಹೇಳಿಕೊಳ್ಳುವುದಿಲ್ಲ.

ಮೆಂತ್ಯವು ಇಲಿಗಳನ್ನು ದಾಟಿ ಮನುಷ್ಯರ ತಟ್ಟೆಗೆ ಪರೀಕ್ಷಾರ್ಥವಾಗಿ ಬಂದುದು ಮುಖ್ಯವಾಗಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಪುಟ್ಟ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಸಂಸ್ಥೆ ಅದು. ಅಲ್ಲಿ ಆರ್. ಡಿ. ಶರ್ಮ ಮತ್ತು ಸಂಗಡಿಗರು ಎಂಬತ್ತರ ದಶಕದಿಂದ ಮೆಂತ್ಯದ ಮೇಲೆ ಸತತವಾಗಿ ಕೆಲಸ ಮಾಡಿದರು. 1990ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಇನ್ಸುಲಿನ್ ಅವಲಂಬಿಸಿದ ಮಧುಮೇಹಿಗಳಿಗೆ ಎಣ್ಣೆ ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂನಂತೆ, ಮಧ್ಯಾಹ್ನ ಮತ್ತು ರಾತ್ರಿಯ ಊಟದಲ್ಲಿ ಬೆರೆಸಿ, 10 ದಿನ ಕೊಡಲಾಯಿತು. ರಕ್ತದ ಸಕ್ಕರೆ ಇಳಿಯಿತು. ಒಟ್ಟು ಕೊಲೆಸ್ಟ್ರಾಲ್, 'ಕೆಟ್ಟ' ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್, ಟ್ರೈಗ್ಲಿಸರೈಡ್ ಇವೂ ಇಳಿದವು. 'ಒಳ್ಳೆಯ' ಎಚ್‌ಡಿಎಲ್ ಮಾತ್ರ ಹಾಗೆಯೇ ಉಳಿಯಿತು. 1996ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 60 ಮಧುಮೇಹಿಗಳಿಗೆ ದಿನಕ್ಕೆ 25 ಗ್ರಾಂನಂತೆ 24 ವಾರ ಕೊಟ್ಟು ಇದೇ ಬಗೆಯ ಫಲ ಕಂಡರು.

ಇದು ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸಿ ಕರುಳಿಗೆ ಕಳಿಸುತ್ತದೆ. ಜಿಡ್ಡು ಜೀರ್ಣವಾಗಲು ಅವು ಬೇಕು. ಕೆಲಸ ಮುಗಿದ ಮೇಲೆ ಅವುಗಳ ಬಹುಪಾಲು ಮತ್ತೆ ಯಕೃತ್ತಿಗೇ ಮರಳುತ್ತದೆ. ಮೆಂತ್ಯದ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಾರು. ಅದರಲ್ಲಿ ಗ್ಯಾಲಕ್ಟೊಮನ್ನನ್ ಎಂಬ ಲೋಳೆಯ ನಾರು ನೀರು ಕುಡಿದು ಉಬ್ಬಿ, ಪಿತ್ತಾಮ್ಲಗಳನ್ನು ತನ್ನೊಳಗೆ ಹಿಡಿದಿಟ್ಟು ಮಲದೊಡನೆ ಹೊರಗೆ ಸಾಗಿಸುತ್ತದೆ. ಕಾಳಿನ ಸಪೋನಿನ್‌ಗಳೂ ಇದಕ್ಕೆ ನೆರವಾಗುತ್ತವೆ. ಕಳೆದುಹೋದುದನ್ನು ತುಂಬಿಕೊಳ್ಳಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲನ್ನು ಸೆಳೆದುಕೊಳ್ಳಬೇಕಾಗುತ್ತದೆ. ರಕ್ತದಲ್ಲಿ ಅದು ಕಡಿಮೆಯಾಗುವ ಗುಟ್ಟು ಇಷ್ಟೇ. ಅಂದರೆ ಕೆಲಸ ಮಾಡುವುದು ಬಹುಮಟ್ಟಿಗೆ ನಾರು. ನೆನೆಸಿದ ನೀರನ್ನು ಕುಡಿದು ಕಾಳನ್ನು ತುಳಸಿಕಟ್ಟೆಗೆ ಚೆಲ್ಲಿದರೆ, ನಾರಿನ ಬಹುಪಾಲು ಸೇರುವುದು ತುಳಸಿಯ ಬುಡಕ್ಕೆ!

ಈ ಅಂಕಿಗಳನ್ನು ನಾನು ಇಷ್ಟು ವಿಸ್ತಾರವಾಗಿ ಹೇಳಲು ಒಂದು ಕಾರಣವುಂಟು. ನನ್ನ ಜೊತೆಯಲ್ಲಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಹಿರಿಯರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ಎದೆನೋವು ಬಂದು, ಬೆಂಗಳೂರಿನಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ನಿತ್ಯ ಮಾತ್ರೆ ನುಂಗುತ್ತಿದ್ದಾಗ ಅವರ ಎಲ್‌ಡಿಎಲ್ 62 ಇತ್ತು. ಒಂದು ಸಂಕ್ರಾಂತಿಯಲ್ಲಿ ಗಂಗಾಧರೇಶ್ವರನ ಕಲ್ಯಾಣೋತ್ಸವಕ್ಕೆ ಬಂದ ಬಂಧುವೊಬ್ಬರ ಮಾತು ಕೇಳಿ, ಮಾತ್ರೆ ನಿಲ್ಲಿಸಿ ಮೆಂತ್ಯದ ನೀರು ಹಿಡಿದರು. ಆರು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ 138. ಅವರ ಮನೆಯವರು ಗಾಬರಿಯಾಗಿ, "ಮೇಷ್ಟ್ರೇ, ನೀವಾದರೂ ಒಂದು ಮಾತು ಹೇಳಿ, ನನ್ನ ಮಾತು ಕೇಳೋದಿಲ್ಲ" ಎಂದು ಹೇಳಿಕಳಿಸಿದರು.

ಹೋದೆ. "ಮೇಷ್ಟ್ರೇ, ಮಾತ್ರೆ ಅಂದರೆ ರಾಸಾಯನಿಕ. ಮೆಂತ್ಯ ಅಂದರೆ ಆಹಾರ. ಮೈಸೂರಲ್ಲೇ, ಹೈದರಾಬಾದಲ್ಲೇ ಸಾಬೀತಾಗಿದೆ" ಎಂದರು. ವಾದಿಸಲಿಲ್ಲ. ಅವರು ಗಣಿತದ ಮೇಷ್ಟ್ರು, ಅಂಕಿಗೆ ತಲೆಬಾಗುವವರು. ಪಕ್ಕದ ಅಂಗಡಿಯ ತಕ್ಕಡಿ ತರಿಸಿ, ಅವರ ಚಮಚದಿಂದಲೇ ಮೆಂತ್ಯ ತೂಗೋಣವೆಂದೆ. ಒಂದು ಚಮಚ ಕಾಳು ಸುಮಾರು 4 ಗ್ರಾಂ ತೂಗಿತು. ಹೈದರಾಬಾದಿನವರು ಕೊಟ್ಟ 25 ಗ್ರಾಂ ಎಂದರೆ ಆರು ಚಮಚಕ್ಕೂ ಮಿಗಿಲು. 100 ಗ್ರಾಂ ಎಂದರೆ 25 ಚಮಚ. ಅಷ್ಟನ್ನು ತಟ್ಟೆಯಲ್ಲಿ ಸುರಿದಾಗ ಅವರು ಬಹಳ ಹೊತ್ತು ನೋಡುತ್ತ ಕುಳಿತರು. "ಅಷ್ಟನ್ನೂ ಪುಡಿ ಮಾಡಿ ಊಟದ ಜೊತೆ ತಿಂದದ್ದೇ ಅವರು? ನಾನು ಕುಡೀತಿರೋದು ಒಂದು ಚಮಚದ ನೀರು" ಎಂದು ಅವರೇ ಲೆಕ್ಕ ಮುಗಿಸಿದರು. "ಮತ್ತೂ ಒಂದು, ಆ ಪ್ರಯೋಗದಲ್ಲಿ ಇದ್ದವರು ಮಧುಮೇಹಿಗಳು. ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆ ನಿಲ್ಲಿಸಿ ನೋಡಿದ ಪ್ರಯೋಗವಲ್ಲ ಅದು" ಎಂದಷ್ಟೇ ನಾನು ಸೇರಿಸಿದೆ. ಆ ವಾರವೇ ಅವರು ವೈದ್ಯರ ಬಳಿಗೆ ಹೋಗಿ ಮಾತ್ರೆಯನ್ನು ಮತ್ತೆ ಆರಂಭಿಸಿದರು.

ಅವರು ನಿಲ್ಲಿಸಿದ್ದ ಆ ಮಾತ್ರೆಯ ಚರಿತ್ರೆಯೂ ಕುತೂಹಲಕರ. ಅದನ್ನು 'ಬರೀ ರಾಸಾಯನಿಕ' ಎಂದು ತಳ್ಳಿಹಾಕುವವರು, ಅದರ ಮೂಲವೂ ಪ್ರಕೃತಿಯೇ ಎಂಬುದನ್ನು ಮರೆಯುತ್ತಾರೆ. ಜಪಾನಿನ ಅಕಿರಾ ಎಂಡೋ 1971ರಿಂದ ಸಾವಿರಾರು ಬೂಷ್ಟುಗಳನ್ನು ಸೋಸಿ, ಪೆನ್ಸಿಲಿನ್‌ನ ಜಾತಿಗೇ ಸೇರಿದ ಬೂಷ್ಟೊಂದರಲ್ಲಿ ಮೊದಲ ಸ್ಟ್ಯಾಟಿನ್ ವಸ್ತುವನ್ನು ಕಂಡುಹಿಡಿದರು. ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವುದನ್ನೇ ಅದು ತಡೆಯುತ್ತದೆ. 1987ರಲ್ಲಿ ಈ ಬಗೆಯ ಮೊದಲ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. 1994ರಲ್ಲಿ ಸ್ಕ್ಯಾಂಡಿನೇವಿಯಾ ದೇಶಗಳ 4,444 ಹೃದ್ರೋಗಿಗಳ ಅಧ್ಯಯನ ಪ್ರಕಟವಾಗಿ, ಮಾತ್ರೆ ತೆಗೆದುಕೊಂಡವರಲ್ಲಿ ಸಾವಿನ ಅಪಾಯ ಶೇಕಡಾ 30ರಷ್ಟು ಕಡಿಮೆಯಾದುದು ಗೊತ್ತಾಯಿತು. ರಕ್ತದ ಅಂಕಿ ಇಳಿಯುವುದು ಬೇರೆ, ಆಯುಷ್ಯ ಉಳಿಯುವುದು ಬೇರೆ. ಎರಡನೆಯದನ್ನು ಇಂತಹ ದೊಡ್ಡ ಪರೀಕ್ಷೆಯಲ್ಲಿ ತೋರಿಸಿದ ಕೀರ್ತಿ ಸ್ಟ್ಯಾಟಿನ್‌ಗೆ ಸಂದಿದೆ, ಮೆಂತ್ಯಕ್ಕೆ ಸಂದಿಲ್ಲ.

ಮಸಾಲೆಗಳನ್ನೂ ಮಾತ್ರೆಯನ್ನೂ ಎದುರುಬದುರು ನಿಲ್ಲಿಸಿದ ಪರೀಕ್ಷೆಯೂ ನಡೆದಿದೆ. 2022ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸುಮಾರು 190 ಜನರಿಗೆ ನಾಲ್ಕು ವಾರ, ಕೆಲವರಿಗೆ 5 ಮಿಲಿಗ್ರಾಂ ರೋಸುವಸ್ಟ್ಯಾಟಿನ್, ಕೆಲವರಿಗೆ ಬೆಳ್ಳುಳ್ಳಿ, ಚಕ್ಕೆ, ಅರಿಸಿನ ಮೊದಲಾದವುಗಳ ಗುಳಿಗೆ, ಕೆಲವರಿಗೆ ಬರಿಯ ಹುಸಿಮಾತ್ರೆ ಕೊಡಲಾಯಿತು. ಸ್ಟ್ಯಾಟಿನ್ ತೆಗೆದುಕೊಂಡವರ ಎಲ್‌ಡಿಎಲ್ ಸುಮಾರು ಶೇಕಡಾ 38ರಷ್ಟು ಇಳಿಯಿತು. ಗುಳಿಗೆಗಳಲ್ಲಿ ಯಾವುದೂ ಹುಸಿಮಾತ್ರೆಗಿಂತ ಗಮನಾರ್ಹವಾಗಿ ಮೇಲಾಗಲಿಲ್ಲ. ಅದಕ್ಕೂ ಮೊದಲು 2007ರಲ್ಲಿ 192 ಜನರ ಮೇಲೆ ಆರು ತಿಂಗಳು ನಡೆದ ಬೆಳ್ಳುಳ್ಳಿಯ ಪರೀಕ್ಷೆಯಲ್ಲಿಯೂ ಫಲ ಕಾಣಲಿಲ್ಲ. ಮೆಂತ್ಯ ಈ ಎರಡೂ ಪರೀಕ್ಷೆಗಳಲ್ಲಿ ಇರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಮೆಂತ್ಯದ ಪರವಾದ ಸಾಕ್ಷ್ಯ ಉಳಿದವುಗಳಿಗಿಂತ ಗಟ್ಟಿ. ಆದರೆ ಆ ಅಧ್ಯಯನಗಳು ಚಿಕ್ಕವು, ಪ್ರಮಾಣ ದೊಡ್ಡದು.

ಹಾಗೆಂದು ಮೆಂತ್ಯವನ್ನು ಕೈಬಿಡಬೇಕೆ? ಖಂಡಿತ ಇಲ್ಲ. ಹಿಟ್ಟಾಗಿ, ದೋಸೆಯಾಗಿ, ನೆನೆಸಿ ಅಗಿದ ಕಾಳಾಗಿ ಅದು ನಾರು ಕೊಡುವ ಉತ್ತಮ ಆಹಾರ. ನೆನೆಸಿದರೆ ಕಾಳನ್ನೂ ತಿನ್ನಿರಿ. ರಾಗಿ, ಅವರೆ, ಸೊಪ್ಪುಗಳ ಜೊತೆಯಲ್ಲಿ, ಎಣ್ಣೆಯ ಕರಿದ ತಿಂಡಿ ಕಡಿಮೆ ಮಾಡಿ, ಬೆಟ್ಟದ ತಪ್ಪಲಿನಲ್ಲಿ ಒಂದು ಗಂಟೆ ನಡೆದರೆ ಅದರ ಗುಣ ಇಮ್ಮಡಿಸೀತು. ಆದರೆ ಮಧುಮೇಹದ ಮಾತ್ರೆ ನುಂಗುವವರು ಹೆಚ್ಚು ಮೆಂತ್ಯ ತಿಂದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ರಕ್ತ ತೆಳುವಾಗಿಸುವ ಔಷಧಿಯವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಔಷಧದ ಪ್ರಮಾಣದಲ್ಲಿ ತಿನ್ನಬಾರದು. ಕಡಲೆಕಾಯಿ, ಕಡಲೆ ಒಗ್ಗದವರಿಗೆ ಅದೇ ಕುಲದ ಮೆಂತ್ಯವೂ ಒಗ್ಗದಿರಬಹುದು. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯರ ಎಲ್‌ಡಿಎಲ್ 100ಕ್ಕಿಂತ, ಹೆಚ್ಚು ಅಪಾಯವಿರುವವರದು 70ಕ್ಕಿಂತ, ಹೃದಯಾಘಾತವಾದವರಂತಹ ಅತಿ ಹೆಚ್ಚು ಅಪಾಯದವರದು 55ಕ್ಕಿಂತ ಕಡಿಮೆ ಇರಬೇಕು. ನಿಮ್ಮ ಅಂಕಿ ಎಷ್ಟೆಂಬುದು ರಕ್ತ ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಮೈಯ ಹಗುರದಿಂದ ತಿಳಿಯುವುದಲ್ಲ. ಏರಿದ ಕೊಲೆಸ್ಟ್ರಾಲಿಗೆ ನೋವಿಲ್ಲ, ಜ್ವರವಿಲ್ಲ.

ಶಿವಗಂಗೆಯ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆಂಬುದು ಭಕ್ತರ ತಲೆತಲಾಂತರದ ನಂಬಿಕೆ. ದೇವಾಲಯದಲ್ಲಿ ನಂಬಿಕೆಗೆ ಅದರದೇ ಆದ ಪವಿತ್ರ ಸ್ಥಾನವುಂಟು; ನಾನೂ ಅಲ್ಲಿ ಕೈಮುಗಿದವನೇ. ಆದರೆ ರಕ್ತನಾಳದೊಳಗಿನ ಕೊಬ್ಬಿನ ವಿಷಯದಲ್ಲಿ ನಮಗೆ ಬೇಕಾದುದು ತಕ್ಕಡಿ, ಲೆಕ್ಕ ಮತ್ತು ವೈದ್ಯರ ಸಲಹೆ. ಮೈಸೂರಿನ ಆ ವಿಜ್ಞಾನಿಗಳು ಒಗ್ಗರಣೆ ಡಬ್ಬಿಯನ್ನು ಗೌರವದಿಂದಲೇ ತೆರೆದರು, ಆದರೆ ತೂಗಿ ನೋಡದೆ ಏನನ್ನೂ ಹೇಳಲಿಲ್ಲ. ಅಡುಗೆಮನೆಯ ಬಗೆಗೆ ಅಭಿಮಾನವಿರುವ ನಾವೆಲ್ಲರೂ ಅವರಿಂದ ಕಲಿಯಬೇಕಾದುದು ಅದನ್ನೇ. ಮೆಂತ್ಯ ತಿನ್ನುತ್ತಿರುವವರು ಸಂತೋಷವಾಗಿ ತಿನ್ನಲಿ. ಮಾತ್ರೆ ನುಂಗುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಒಂದು ದಿನವೂ ಅದನ್ನು ಬಿಡದಿರಲಿ.